ಮೇಲಿನ ಮನೆಗೆ ಹೋದ ಕ್ಯಾಸೆಟ್ಟು

ನಾನು ಬೆಳೆದ ಮನೆಗೂ ಒಂದು ಹಾಲ್ ಇತ್ತು ಎನ್ನುವುದು ನನಗೆ ಹೊಳೆದದ್ದು ಆ ಮನೆ ಬಿಟ್ಟ ಮೇಲೆ. ಅಲ್ಲಿದ್ದಷ್ಟು ದಿನ ಅದು ಅಂಗಡಿ. ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ, ಮೇಲೆ ಓನರ್, ಕೆಳಗೆ ನಾವು. ರಸ್ತೆ ಕಡೆಯ ಕೋಣೆಯಲ್ಲಿ ಅಪ್ಪ ವಿಡಿಯೋ ಲೈಬ್ರರಿ ತೆರೆದಿದ್ದ. ಗೋಡೆ ತುಂಬ ಮರದ ಹಲಗೆ, ಹಲಗೆ ತುಂಬ ಬಾಡಿಗೆಗೆ ಕೊಡುವ ಸಿನಿಮಾ ಕ್ಯಾಸೆಟ್ಟು, ಬಾಗಿಲಿಗೆ ಅಡ್ಡವಾಗಿ ಒಂದು ಸನ್‌ಮೈಕಾ ಕೌಂಟರ್. ಗಿರಾಕಿಗಳು ಮುಂದಿನಿಂದ ಬರುತ್ತಿದ್ದರು. ನೆಂಟರು, ಸ್ವಾಮಿಗಳು, ಹೆಣ್ಣು ನೋಡಲು ಬಂದವರು ಯಾರೇ ಆದರೂ ಪಕ್ಕದ ಸಂದಿಯಲ್ಲಿ ಅಡ್ಡಡ್ಡ ನಡೆದು, ಗ್ಯಾಸ್ ಸಿಲಿಂಡರ್ ದಾಟಿ ಅಡುಗೆಮನೆಯೊಳಗೆ ಕಾಲಿಡಬೇಕು. ಅಪ್ಪನ ತಾಯಿ, ನನ್ನ ಅಜ್ಜಿ, ಮಾಗಡಿ ಕಡೆಯ ತೊಟ್ಟಿಮನೆಯಲ್ಲಿ ಬಾಳಿದವಳು. ಅವಳಿಗೆ ಇದನ್ನು ಕೊನೆಯವರೆಗೂ ಅರಗಿಸಿಕೊಳ್ಳಲು ಆಗಲಿಲ್ಲ.

"ಹಬ್ಬಕ್ಕೆ ಬಂದೋರ್ನೆಲ್ಲ ಹಿತ್ತಲ ಬಾಗಿಲಿಂದ ಕರ್ಕೊಳೋ ಮನೆ ಇದೊಂದೇ ಕಣೋ ನಾಗರಾಜ."

"ಮುಂದಿನ ಬಾಗಿಲು ಅನ್ನ ಕೊಡ್ತಾ ಇದೆಯಲ್ಲವ್ವಾ, ಬಿಡು," ಎನ್ನುತ್ತಿದ್ದ ಅಪ್ಪ.

ನಾವು ನಿಜವಾಗಿ ಬದುಕಿದ್ದು ನಡುಮನೆಯಲ್ಲಿ. ಅಂಗಡಿಗೂ ಅದಕ್ಕೂ ಮಧ್ಯೆ ಒಂದು ಹೂವಿನ ಪರದೆ. ಅಲ್ಲಿ ಅಜ್ಜಿಯ ಮಂಚ, ನನ್ನ ಪುಸ್ತಕದ ಟ್ರಂಕು, ಮೂಲೆಯಲ್ಲಿ ಟೀವಿ, ಟೀವಿಯ ಕೆಳಗೆ ಎರಡು ವಿಸಿಆರ್. ವಾಪಸ್ ಬಂದ ಪ್ರತಿ ಕ್ಯಾಸೆಟ್ಟನ್ನೂ ಹಿಂದಕ್ಕೆ ಸುತ್ತಿ, ಅಲ್ಲಲ್ಲಿ ಓಡಿಸಿ ನೋಡಿ, ಕೆಟ್ಟಿಲ್ಲ ಎಂದು ಖಾತ್ರಿಯಾದ ಮೇಲೆ ಹಲಗೆಗೆ ಸೇರಿಸಬೇಕಿತ್ತು. ಹಾಗಾಗಿ ನಮ್ಮ ಊಟವೆಲ್ಲ ಯಾವುದೋ ಸಿನಿಮಾದ ನಡುವೆಯೇ ಆಗುತ್ತಿತ್ತು. ಸಾರು ಬಡಿಸುವಾಗ ಒಬ್ಬಳು ತಾಳಿ ಹಿಡಿದುಕೊಂಡು ಅಳುತ್ತಿದ್ದಳು. ಮಜ್ಜಿಗೆಗೆ ಬರುವಷ್ಟರಲ್ಲಿ ಇನ್ನೊಂದು ಸಿನಿಮಾದಲ್ಲಿ ಓಲಗ. ಈ ಯಂತ್ರಗಳಿಂದಲೇ ಮನೆ ನಡೆಯುತ್ತದೆ ಎಂಬುದನ್ನು ಅಜ್ಜಿ ಒಪ್ಪಿಕೊಂಡದ್ದು ತನ್ನದೇ ರೀತಿಯಲ್ಲಿ. ಸೋಮವಾರ ಬಂತೆಂದರೆ ಟೀವಿಯನ್ನೂ ವಿಸಿಆರುಗಳನ್ನೂ ಒದ್ದೆಬಟ್ಟೆಯಲ್ಲಿ ಒರೆಸಿ, ಮೂರರ ಹಣೆಗೂ ವಿಭೂತಿ ಎಳೆದು, ಒಂದೊಂದು ಕಣಗಿಲೆ ಹೂ ಇಡುತ್ತಿದ್ದಳು. ಕ್ಯಾಸೆಟ್ಟು ನುಂಗುವ ಬಾಯಿಗೆ ಹೂ ಸಿಕ್ಕಿಕೊಂಡು ಅಪ್ಪ ಚಿಮಟ ಹಿಡಿದು ಕೂತಿದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಅಪ್ಪನಿಗೆ ಹೊಡೆದಾಟದ ಸಿನಿಮಾ ಹೊಟ್ಟೆಪಾಡು. ದೇವರ ಸಿನಿಮಾ ಅಜ್ಜಿಯ ಬಾಯಿ ಮುಚ್ಚಿಸಲು. ಅವನ ಪ್ರಾಣವೆಲ್ಲ ಇದ್ದದ್ದು ರಾಜಕಾರಣಿಗಳನ್ನು, ಜಾತಿಯ ಜಂಬವನ್ನು, ಮೇಲು ಕೀಳು ಎಂದು ಹಾರಾಡುವವರನ್ನು ಗೇಲಿ ಮಾಡುವ ಸಿನಿಮಾಗಳಲ್ಲಿ. ಅದರಲ್ಲೂ ಒಂದನ್ನು ಎಷ್ಟು ಸಲ ನೋಡಿದ್ದೆವೋ ಲೆಕ್ಕವಿಲ್ಲ. ಅದರಲ್ಲೊಬ್ಬ ಮಂತ್ರಿ ಕೊಳವೆಬಾವಿ ಉದ್ಘಾಟನೆಗೆ ಬರುತ್ತಾನೆ. ಬಾವಿಯಲ್ಲಿ ಹನಿ ನೀರಿಲ್ಲ; ಅಧಿಕಾರಿಗಳು ಶಾಮಿಯಾನದ ಹಿಂದೆ ಟ್ಯಾಂಕರ್ ನಿಲ್ಲಿಸಿ ಪೈಪ್ ಎಳೆದಿರುತ್ತಾರೆ. ಮಂತ್ರಿ ಗಂಗಾಮಾತೆಯ ಮೇಲೆ ಭಾಷಣ ಬಿಗಿಯುತ್ತಿರುವಾಗ ಡ್ರೈವರ್ ಟೀ ಕುಡಿಯಲೆಂದು ಟ್ಯಾಂಕರನ್ನೇ ಓಡಿಸಿಕೊಂಡು ಹೊರಡುತ್ತಾನೆ. ಪೈಪಿನ ಜತೆ ಶಾಮಿಯಾನ ಹೊರಡುತ್ತದೆ, ಶಾಮಿಯಾನದ ಜತೆ ಮಂತ್ರಿಯ ಕುರ್ಚಿ. ಮುಂದೆ ಅದೇ ಮಂತ್ರಿ ಓಟಿಗಾಗಿ ಕೇರಿಯ ಮನೆಯೊಂದರಲ್ಲಿ ಊಟಕ್ಕೆ ಕೂರುತ್ತಾನೆ. ಊಟ ಮಾತ್ರ ಹೋಟೆಲಿನ ಕ್ಯಾರಿಯರಿನಲ್ಲಿ ಹಿಂಬಾಗಿಲಿನಿಂದ ಬರುತ್ತದೆ. ಫೋಟೋದವನು ಸಜ್ಜಾಗುವಷ್ಟರಲ್ಲಿ ಮನೆಯ ಮುದುಕಿ ಕ್ಯಾರಿಯರ್ ಪೂರ್ತಿ ಖಾಲಿ ಮಾಡಿ, ನಿಮ್ಮವರಿಗೆ ಉಪ್ಪು ಹಾಕೋಕೆ ಬರಲ್ಲವಲ್ಲ ಎನ್ನುತ್ತಾಳೆ. ಅಜ್ಜಿ ಟ್ಯಾಂಕರಿಗೆ ಬಿದ್ದುಬಿದ್ದು ನಗುವಳು, ಕ್ಯಾರಿಯರಿಗೆ ನಗುತ್ತಿರಲಿಲ್ಲ. ರಸ್ತೆ ಗುಡಿಸಲು ಬರುವವರಿಗೆ ನೀರು ಕೊಡುವ ಲೋಟ ನಮ್ಮ ಸಂದಿಯ ಗೂಡಿನಲ್ಲೇ ಬೇರೆಯಾಗಿ ಕೂತಿತ್ತು. ಅದು ಅಲ್ಲಿಂದ ಏಳಲು ಇನ್ನೂ ವರ್ಷಗಳು ಬೇಕಾದವು.

ಅಪ್ಪನಿಗೆ ಒಂದು ಕೆಟ್ಟ ಚಟವಿತ್ತು. ನಗು ಬರುವ ಕಡೆಯೇ ಸಿನಿಮಾ ನಿಲ್ಲಿಸಿ ಅರ್ಥ ಹೇಳುತ್ತಿದ್ದ. ಮಂತ್ರಿ ಗಾಳಿಯಲ್ಲಿ ಕಾಲು ಮೇಲೆ ಮಾಡಿಕೊಂಡು ನಿಂತಿರುವಾಗ ಇವನು ಪ್ರಜಾಪ್ರಭುತ್ವದ ಬಗ್ಗೆ ಶುರು ಮಾಡುವನು.

"ಲೋ, ನಗೋಕೂ ಪಾಠ ಮಾಡ್ತೀಯೇನೋ? ಆ ಮನುಷ್ಯನ್ನ ಮೊದಲು ಕೆಳಗೆ ಬೀಳಿಸು," ಎಂದು ಅಜ್ಜಿ ರೇಗುತ್ತಿದ್ದಳು.

ಅವನಿಗೆ ಇನ್ನೊಂದು ವಿದ್ಯೆ ಇತ್ತು. ಜನ ಇಷ್ಟವಾದ ದೃಶ್ಯವನ್ನು ಹಿಂದಕ್ಕೆ ಸುತ್ತಿ ಮತ್ತೆ ಮತ್ತೆ ನೋಡುತ್ತಾರಲ್ಲ, ಅಷ್ಟು ಜಾಗದಲ್ಲಿ ಟೇಪು ಸವೆದು ಪರದೆಯ ಮೇಲೆ ಬಿಳಿ ಗೆರೆಗಳು ಬೀಳುತ್ತವೆ. ಅಪ್ಪ ಆ ಗೆರೆ ನೋಡಿಯೇ ಬಡಾವಣೆ ಎಲ್ಲಿ ನಕ್ಕಿದೆ, ಎಲ್ಲಿ ಅತ್ತಿದೆ ಎಂದು ಹೇಳುತ್ತಿದ್ದ. ನಾನು ಈಗ ಕಿರುಚಿತ್ರಗಳಿಗೆ ಹಾಸ್ಯ ಬರೆಯುವವಳು. ನಂದಿನಿ ಲೇಔಟಿನ ನನ್ನ ಮೇಜಿನ ಮುಂದೆ ಕೂತು ಒಂದು ತಮಾಷೆಯ ಸಾಲು ಬರೆದಾಗಲೆಲ್ಲ, ಟೇಪು ಇಲ್ಲದ ಈ ಕಾಲದಲ್ಲೂ, ಇದು ಯಾರ ಮೇಲೆ ಗೆರೆ ಎಳೆಯುತ್ತದೆ ಎಂದು ಒಂದು ಕ್ಷಣ ಯೋಚಿಸುತ್ತೇನೆ. ಹಾಗೆ ಯೋಚಿಸುವುದನ್ನು ನನಗೆ ಕಲಿಸಿದ್ದು ಅಪ್ಪನ ವ್ಯಾಖ್ಯಾನವಲ್ಲ, ಅಮ್ಮನ ಮೌನ.

ಅಮ್ಮ ಇಳಕಲ್ ಕಡೆಯವಳು. ಮದುವೆಗೆ ಮೊದಲು ಅಪ್ಪ ಅಲ್ಲೊಂದು ಟೂರಿಂಗ್ ಟಾಕೀಸಿನಲ್ಲಿ ಕೆಲಸಕ್ಕಿದ್ದ; ಊಟ ಮಾಡುತ್ತಿದ್ದದ್ದು ಅಮ್ಮನ ತಂದೆಯ ಖಾನಾವಳಿಯಲ್ಲಿ. ಎರಡು ಮನೆಯವರೂ ಲಿಂಗ ಕಟ್ಟಿದವರಾದ್ದರಿಂದ ಅಜ್ಜಿ ಹೇಗೋ ಒಪ್ಪಿದಳು. ಒಪ್ಪದೆ ಉಳಿದದ್ದು ಸೊಸೆಯ ಮಾತು. ಅಮ್ಮ 'ಐತ್ರಿ' ಎಂದರೆ ಅಜ್ಜಿಯ ಹುಬ್ಬು ಗಂಟಾಗುತ್ತಿತ್ತು. ಹಾಗೆ ನೋಡಿದರೆ ಮಾಗಡಿಯ ಅಜ್ಜಿ ತಾನೂ 'ಐತೆ' ಎನ್ನುವವಳೇ. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಅಷ್ಟು ದೊಡ್ಡ ಜಗಳ ಬೇಕಿರಲಿಲ್ಲ. ಅಂಗಡಿಯಲ್ಲಿ ಇನ್ನೂ ಕಷ್ಟ. ಅಪ್ಪ ಹೊಸ ಕ್ಯಾಸೆಟ್ಟು ತರಲು ಗಾಂಧಿನಗರಕ್ಕೆ ಹೋದಾಗ ಅಮ್ಮ ಕೌಂಟರಿನಲ್ಲಿ ಕೂರುತ್ತಿದ್ದಳು. ಕಾಲೇಜು ಹುಡುಗರು ಬಂದವರೇ ಕತ್ತು ಓರೆ ಮಾಡಿಕೊಂಡು ಶುರು ಮಾಡುತ್ತಿದ್ದರು.

"ಏನ್ರೀ ಯಕ್ಕಾ, ಭಾರಿ ಪಿಚ್ಚರ್ ಯಾವ್ದ್ ಐತ್ರೀ?"

ಜತೆಯವರೆಲ್ಲ ಕಿಸಕ್ಕನೆ ನಗುವರು. ಅವರಿಗೆ ಅದರಲ್ಲಿ ಕೇಡು ಕಾಣುತ್ತಿರಲಿಲ್ಲ; ಸಿನಿಮಾಗಳಲ್ಲಿ ಆ ಮಾತು ಕೇಳಿದ ಕೂಡಲೇ ನಗಬೇಕು ಎಂದು ಅಭ್ಯಾಸವಾಗಿತ್ತು. ಅಮ್ಮ ನಿಧಾನವಾಗಿ ಅಂಗಡಿಯಲ್ಲಿ ಮಾತು ಕಡಿಮೆ ಮಾಡಿದಳು. ಗಿರಾಕಿ ಕೇಳಿದರೆ ಕ್ಯಾಸೆಟ್ಟು ತೆಗೆದು ಮುಂದಿಡುವಳು, ಇಲ್ಲದಿದ್ದರೆ ತಲೆ ಅಲ್ಲಾಡಿಸುವಳು. ಆದರೆ ಮನೆಯೊಳಗೆ ಅವಳು ಅವಳೇ. ಮಧ್ಯಾಹ್ನ ನನ್ನ ಜಡೆ ಹೆಣೆಯುತ್ತ ತಾನು ನೋಡಿದ ಸಿನಿಮಾಗಳ ಕಥೆಯನ್ನೆಲ್ಲ ತನ್ನ ಮಾತಿನಲ್ಲಿ ಹೇಳುತ್ತಿದ್ದಳು. ಅವಳ ಬಾಯಲ್ಲಿ ಎಂಥ ಸಪ್ಪೆ ಸಿನಿಮಾಗೂ ಉಪ್ಪು ಖಾರ ಬರುತ್ತಿತ್ತು. ಕಥೆ ಮುಗಿಯಬಾರದೆಂದು ನಾನು ಹೆಣೆದ ಜಡೆಯನ್ನು ಬಿಚ್ಚಿಕೊಂಡು ಮತ್ತೆ ಅವಳ ಮುಂದೆ ಕೂರುತ್ತಿದ್ದೆ.

ಅದೂ ನಿಂತದ್ದು ಒಂದು ಭಾನುವಾರ, ಅದೇ ಟ್ಯಾಂಕರ್ ಸಿನಿಮಾದಿಂದ. ಬಾಡಿಗೆಗೆ ಹೋಗಿ ಹೋಗಿ ಬಂದ ಪ್ರತಿಯನ್ನು ಅಪ್ಪ ಪರೀಕ್ಷೆಗೆ ಹಾಕಿದ್ದ. ಎಲ್ಲರೂ ಊಟಕ್ಕೆ ಕೂತಿದ್ದೆವು. ಅಮ್ಮನ ತಟ್ಟೆಯಲ್ಲಿ ಜೋಳದ ರೊಟ್ಟಿ, ನಮ್ಮದರಲ್ಲಿ ಮುದ್ದೆ. ಟ್ಯಾಂಕರ್ ದೃಶ್ಯ ಬಂತು, ಚಿತ್ರ ನಿಚ್ಚಳವಾಗಿತ್ತು. ಕ್ಯಾರಿಯರ್ ದೃಶ್ಯದಲ್ಲೂ ಒಂದು ಗೆರೆ ಇಲ್ಲ. ಆಮೇಲೆ ಮಂತ್ರಿಯ ಮನೆ ಬಂತು. ಅಲ್ಲೊಬ್ಬಳು ಕೆಲಸದವಳಿದ್ದಾಳೆ, ಉತ್ತರ ಕರ್ನಾಟಕದವಳು. ಅವಳು ಕಾಫಿ ಬೇಕಾ ಎಂದರೂ ಮಂತ್ರಿಯ ಮನೆಯವರು ನಗುತ್ತಾರೆ, ಹಾಲು ಒಡೆದಿದೆ ಎಂದರೂ ನಗುತ್ತಾರೆ. ಆ ದೃಶ್ಯದಲ್ಲಿ ಬೇರೆ ತಮಾಷೆಯೇ ಇಲ್ಲ. ಅವಳು ಬಾಯಿ ತೆರೆದದ್ದೇ ತಡ, ಪರದೆ ತುಂಬ ಬಿಳಿ ಗೆರೆ. ಅವಳ ಮುಖವೇ ಕಾಣದಷ್ಟು ಗೆರೆ. ಅಪ್ಪ ತುತ್ತು ನುಂಗುತ್ತ ಅಭ್ಯಾಸಬಲದಿಂದ ಹೇಳಿಬಿಟ್ಟ.

"ನೋಡು, ಜನ ಭಾರಿ ನಕ್ಕಿರೋದು ಇಲ್ಲಿ."

ಹೇಳಿದ ಮೇಲೆ ಅವನಿಗೇ ಕೇಳಿಸಿತು. ಅಮ್ಮ ಅರ್ಧ ರೊಟ್ಟಿ ತಟ್ಟೆಯಲ್ಲಿ ಬಿಟ್ಟು ಎದ್ದು ಕೈ ತೊಳೆದಳು. ಮರುದಿನ ನನ್ನ ಜಡೆ ಹೆಣೆದಳು, ಕಥೆ ಹೇಳಲಿಲ್ಲ. ಕೇಳಿದರೆ 'ಆಮೇಲೆ' ಎಂದಳು. ಆ ಆಮೇಲೆ ಬರಲೇ ಇಲ್ಲ. ಸಿಟ್ಟಿದ್ದರೆ ಪಾತ್ರೆಯಾದರೂ ಸದ್ದು ಮಾಡುತ್ತಿತ್ತು; ಪಾತ್ರೆಗಳೂ ಸುಮ್ಮನಿದ್ದವು. ಬೇಕು, ಬೇಡ, ಆಯಿತು, ಇಷ್ಟೇ. ಕೌಂಟರಿನಲ್ಲಿ ಕೂರುವುದನ್ನೂ ಬಿಟ್ಟಳು. ಅಜ್ಜಿಗೆ ತಿದ್ದಲು ಏನೂ ಸಿಗದೆ ಅವಳೂ ಕಳೆಗುಂದಿದಳು. ಅಪ್ಪ ಜಿಲೇಬಿ ತಂದ, ಸೀರೆ ತಂದ, ಕೊನೆಗೆ ಅವಳ ಊರಿನ ಕೆಂಪು ಖಾರದ ಚಟ್ನಿಯನ್ನು ಎಲ್ಲಿಂದಲೋ ಹುಡುಕಿ ತಂದ. ಅಮ್ಮ ಎಲ್ಲದಕ್ಕೂ ತಲೆ ಆಡಿಸಿದಳು. ನನಗೆ ಭಯವಾಗಿತ್ತು. ನನ್ನ ತಾಯಿ ಇನ್ನು ಮುಂದೆ ಹೀಗೇ ಇದ್ದುಬಿಡುತ್ತಾಳೆ, ಆ ಮಾತು ಹೋದರೆ ಅವಳಲ್ಲಿ ನನ್ನ ಅಮ್ಮ ಅನ್ನುವುದೇ ಉಳಿಯುವುದಿಲ್ಲ ಎಂದು ಅನ್ನಿಸುತ್ತಿತ್ತು.

ಆಗ ಚುನಾವಣೆ ಬಂತು. ನಮ್ಮ ಓನರನ್ನು ಎಲ್ಲರೂ ಚೇರ್ಮನ್ನರು ಎನ್ನುತ್ತಿದ್ದರು. ಯಾವುದಕ್ಕೆ ಚೇರ್ಮನ್ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರು ವಾರ್ಡಿಗೆ ನಿಂತಿದ್ದರು. ಭಾಷಣದ ಅಭ್ಯಾಸ ಮೇಲಿನ ಬಾಲ್ಕನಿಯಲ್ಲಿ. ಕೆಳಗೆ ನಮ್ಮ ಅಡುಗೆಮನೆಗೆ ಒಂದಕ್ಷರ ಬಿಡದೆ ಕೇಳುತ್ತಿತ್ತು. ಶ್ರೀಗಂಧದ ಕಾವಲ್ ಕಡೆ ಹೊಸ ಮನೆಗಳು ಏಳುತ್ತಿದ್ದವು; ಕಟ್ಟುವ ಕೆಲಸಕ್ಕೆ ರಾಯಚೂರು, ಬಾಗಲಕೋಟೆ ಕಡೆಯಿಂದ ಬಂದವರು ಅಲ್ಲೇ ಶೆಡ್ ಹಾಕಿಕೊಂಡಿದ್ದರು. ಚೇರ್ಮನ್ನರ ಭಾಷಣವೆಲ್ಲ ಅವರ ಮೇಲೆಯೇ. ಹೊರಗಿನಿಂದ ಬಂದವರಿಂದ ನೀರು ಹೋಯಿತು, ಹೊರಗಿನಿಂದ ಬಂದವರಿಂದ ರಸ್ತೆ ಕೆಟ್ಟಿತು.

ಒಂದು ಮಧ್ಯಾಹ್ನ ಅಪ್ಪ ನಡುಮನೆಯಲ್ಲಿ ವಿಡಿಯೋ ಕ್ಯಾಮೆರಾ ಒರೆಸುತ್ತ ಕೂತಿದ್ದ. ಮದುವೆ ನಾಮಕರಣಗಳಿಗೆ ಶೂಟಿಂಗಿಗೂ ಅವನು ಹೋಗುತ್ತಿದ್ದ. ನಾನು ಅವನ ಪಕ್ಕದಲ್ಲಿ. ಮೇಲೆ ಬಾಲ್ಕನಿಯಲ್ಲಿ 'ಬಂಧುಗಳೇ' ಎಂದು ಶುರುವಾಯಿತು. ಕೆಳಗೆ ಅಮ್ಮ ರೊಟ್ಟಿ ಬಡಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದಲೂ ಒಂದು 'ಬಂಧುಗಳೇ' ಕೇಳಿಸಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಪ್ಪ ಬೆಕ್ಕಿನ ಹೆಜ್ಜೆಯಲ್ಲಿ ಎದ್ದು ಬಾಗಿಲ ಬಳಿ ನಿಂತು ಕ್ಯಾಮೆರಾ ಹಚ್ಚಿದ. ಅಮ್ಮ ಒಲೆಬಟ್ಟೆಯನ್ನು ಚೇರ್ಮನ್ನರ ಶಲ್ಯದಂತೆ ಹೆಗಲಿಗೆ ಹಾಕಿಕೊಂಡು, ಗಲ್ಲ ಎತ್ತಿ, ಹಿಟ್ಟಿನ ಡಬ್ಬಗಳಿಗೆ ಭಾಷಣ ಮಾಡುತ್ತಿದ್ದಳು.

"ಬಂಧುಗಳೇ! ಹೊರಗಿಂದ ಬಂದೋರಿಂದ ನಮ್ಮ ಏರಿಯಾ ಕೆಟ್ಟೈತಿ!"

ಪಟಪಟ ಎಂದು ರೊಟ್ಟಿ ತಟ್ಟಿದಳು. ಅದು ಚಪ್ಪಾಳೆ.

"ಮಳಿನೂ ಹೊರಗಿಂದನ ಬರ್ತೈತಿ. ನನ್ನ ಆರಿಸ್ರಿ, ಅದನ್ನೂ ನಿಲ್ಲಸ್ತೀನಿ!"

ಮತ್ತೆ ಪಟಪಟ.

"ಗಾಳಿ ಮಾಗಡಿ ರೋಡಿನ ಕಡಿಂದ ನುಗ್ಗತೈತಿ. ಅದರ ರೇಷನ್ ಕಾರ್ಡ್ ಎಲ್ಲೈತಿ? ತೋರಸ್ಲಿ! ಹೌದ್ರಿ, ನಮ್ಮಪ್ಪನೂ ಹೊರಗಿಂದನ ಬಂದಾನ. ಆದ್ರ ಅಂವ ಮುಂಜಾನೆ ಲಗೂನ ಬಂದಿದ್ದ!"

ಅಪ್ಪ ನಕ್ಕ ರಭಸಕ್ಕೆ ಕ್ಯಾಮೆರಾ ಬಾಗಿಲಿಗೆ ಬಡಿಯಿತು. ಅಮ್ಮ ತಿರುಗಿ ನೋಡಿ, ನಾಚಿ, ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಆಮೇಲೆ ಅವಳೂ ನಕ್ಕಳು. ಎಷ್ಟೋ ದಿನಗಳ ಮೇಲೆ ಕೇಳಿದ ಆ ನಗುವಿಗೆ ನನಗೆ ಅಳು ಬಂದುಬಿಟ್ಟಿತು.

ಆಗಲೇ ಅಪ್ಪನಿಗೆ ಆ ಯೋಚನೆ ಹೊಳೆದದ್ದು. ಬಾಡಿಗೆ ಕ್ಯಾಸೆಟ್ಟಿನ ಮೇಲೆ ಯಾರೂ ಬೇರೆ ರೆಕಾರ್ಡ್ ಮಾಡಬಾರದೆಂದು ಅದರ ಬೆನ್ನಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದಿರುತ್ತಾರೆ. ಅಪ್ಪ ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿ, ಎರಡು ವಿಸಿಆರ್ ಜೋಡಿಸಿ, ಕೆಲಸದವಳ ದೃಶ್ಯ ಇದ್ದ ಜಾಗಕ್ಕೆ ಸರಿಯಾಗಿ ಅಮ್ಮನ ಭಾಷಣವನ್ನು ಕೂರಿಸಿದ. ಈಗ ಮಂತ್ರಿಯ ಮನೆ ಬಾಗಿಲು ತೆರೆಯುತ್ತಿತ್ತು, ಒಳಗೆ ನಮ್ಮ ಅಡುಗೆಮನೆ ಇರುತ್ತಿತ್ತು. ಭಾನುವಾರ ಊಟಕ್ಕೆ ಅದನ್ನೇ ಹಾಕಿದ. ಕ್ಷಮೆ ಕೇಳಲಿಲ್ಲ. ಅವನ ಕ್ಷಮೆ ಟೀವಿಯಲ್ಲಿ ಓಡುತ್ತಿತ್ತು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ತನ್ನನ್ನು ತಾನೇ ನೋಡಿದಳು.

"ಇದು ಮನಿ ಬಿಟ್ಟು ಹೊರಗ ಹೋಗಬಾರ್ದ ನೋಡ್ರಿ," ಎಂದಳು. "ಓನರ್ ಕಣ್ಣಿಗೆ ಬಿದ್ರ ಮುಗೀತು."

"ಹೋಗಲ್ಲ ಕಣೇ. ಇದು ಮನೆ ಕಾಪಿ," ಎಂದ ಅಪ್ಪ.

ಮನೆಯ ಕ್ಯಾಸೆಟ್ಟುಗಳಿಗೆ ನಮ್ಮಲ್ಲಿ ಒಂದೇ ಗುರುತು. ಬಾಡಿಗೆಯವು ಹಲಗೆಯಲ್ಲಿ ನಿಂತಿರುತ್ತಿದ್ದವು, ಮನೆಯವು ಟೀವಿಯ ಮೇಲೆ ಮಲಗಿರುತ್ತಿದ್ದವು. ಆದರೆ ಭಾನುವಾರದ ಮರುದಿನ ಸೋಮವಾರ. ಅಜ್ಜಿ ಟೀವಿ ಒರೆಸಿ ವಿಭೂತಿ ಹಚ್ಚುವಾಗ ಮೇಲೆ ಮಲಗಿದ್ದ ಕ್ಯಾಸೆಟ್ಟನ್ನು ಎತ್ತಿ, ಚೊಕ್ಕವಾಗಿರಲಿ ಎಂದು ಅಂಗಡಿಯ ಹಲಗೆಯಲ್ಲಿ ನಿಲ್ಲಿಸಿದಳು. ಸಂಜೆ ಓನರ್ ಹೆಂಡತಿ ಸರೋಜಮ್ಮ ಮೆಟ್ಟಿಲಿನಿಂದ ಕೂಗಿದರು. ಮನೆಗೆ ಪಕ್ಷದ ಮುಖಂಡರು ಬಂದಿದ್ದಾರೆ, ಒಂದು ಒಳ್ಳೆಯ ಕಾಮಿಡಿ ಬೇಕು. ಅಪ್ಪ ಗಾಂಧಿನಗರದಲ್ಲಿದ್ದ. ಅಮ್ಮ ಹಿತ್ತಲಿನಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಅಮ್ಮನ ಭಾಷಣ ಇರುವುದು ಅದೇ ಪ್ರತಿಯಲ್ಲಿ ಎಂದು ಹೊಳೆಯದೆ, ಅಜ್ಜಿ ತನಗೆ ಗೊತ್ತಿದ್ದ ಒಂದೇ ಕಾಮಿಡಿಯನ್ನು, ಕೈಯಾರೆ ನಿಲ್ಲಿಸಿದ್ದನ್ನೇ, ತೆಗೆದುಕೊಟ್ಟಳು.

ಅಪ್ಪ ಬಂದು ಕಾಫಿ ಕುಡಿಯುವಾಗ ಮೇಲಿನ ಮನೆಯಿಂದ ನಗು ಕೇಳಿತು, ಕುರ್ಚಿ ಎಳೆದ ಸದ್ದು ಕೇಳಿತು. ಆ ಸಿನಿಮಾ ಅವನಿಗೆ ಬಾಯಿಪಾಠ. ತಲೆ ಎತ್ತಿ ಸೂರು ನೋಡುತ್ತ, ಓ ಟ್ಯಾಂಕರ್ ಹಾಕಿದ್ದಾರೆ ಎಂದು ಖುಷಿಪಟ್ಟ. ಆಮೇಲೆ ಟೀವಿಯ ಮೇಲೆ ನೋಡಿದ. ಅಲ್ಲಿ ಕಣಗಿಲೆ ಹೂ ಒಂದೇ ಇತ್ತು.

"ಅವ್ವಾ, ಇಲ್ಲಿದ್ದ ಕ್ಯಾಸೆಟ್ ಎಲ್ಲಿ?"

"ಮೇಲಕ್ಕೆ ಕೊಟ್ಟೆ ಕಣಪ್ಪ. ಯಾಕೆ?"

ನಾವು ನಾಲ್ವರೂ ಸೂರಿನ ಕೆಳಗೆ ನಿಂತೆವು. ಕ್ಯಾರಿಯರಿಗೆ ಒಂದು ನಗು ಬಂತು. ಆಮೇಲೆ ಸದ್ದೇ ಇಲ್ಲ. ಆ ನಿಶ್ಶಬ್ದದಲ್ಲಿ ಅಮ್ಮ ಮೇಲಿನ ಟೀವಿಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ ಎಂದು ನಮಗೆಲ್ಲ ಗೊತ್ತಿತ್ತು. ಇದ್ದಕ್ಕಿದ್ದಂತೆ ಒಂದು ಹೆಣ್ಣಿನ ನಗು ಒಡೆಯಿತು, ಸರೋಜಮ್ಮನದು. ಹಿಂದೆಯೇ ಗಂಡಸರ ನಗು. ಮತ್ತೆ ನಿಶ್ಶಬ್ದ. ಮತ್ತೆ ಅದೇ ಜಾಗದಲ್ಲಿ ಅದೇ ನಗು.

"ಹಿಂದಕ್ಕೆ ಸುತ್ತಿ ನೋಡ್ತಾ ಇದಾರೆ," ಎಂದ ಅಪ್ಪ ಸಣ್ಣ ಧ್ವನಿಯಲ್ಲಿ.

ಅಮ್ಮನ ಮುಖ ಬಿಳಿಚಿಕೊಂಡಿತ್ತು. ಇನ್ನು ಅವಳು ಜನ್ಮದಲ್ಲಿ ಬಾಯಿ ಬಿಡುವುದಿಲ್ಲ ಎಂದು ನನಗೆ ಖಚಿತವಾಯಿತು. ಒಂದು ಸಲ ಮನೆಯೊಳಗೆ, ಹಿಟ್ಟಿನ ಡಬ್ಬಗಳ ಮುಂದೆ, ಮನಸ್ಸು ಬಿಚ್ಚಿ ಮಾತಾಡಿದ್ದಳು. ಅದೂ ಹೀಗಾಯಿತಲ್ಲ.

ಬೆಳಿಗ್ಗೆ ಚೇರ್ಮನ್ನರೇ ಕೆಳಗಿಳಿದು ಬಂದರು, ಜತೆಗಿಬ್ಬರು ಹಿಂಬಾಲಕರು. ಅಂಗಡಿಯ ಮುಂದೆ ಒಂದಿಷ್ಟು ಗಿರಾಕಿಗಳೂ ಇದ್ದರು. ಸರೋಜಮ್ಮ ಮೆಟ್ಟಿ‌ಲಿನ ಮೇಲೆ ನಿಂತಿದ್ದರು. ಕೌಂಟರಿನ ಈಚೆ ಅಪ್ಪ, ಅಮ್ಮ. ಪರದೆ ಸರಿಸಿಕೊಂಡು ಅಜ್ಜಿ. ಅಜ್ಜಿಯ ಸೆರಗು ಹಿಡಿದು ನಾನು. ಚೇರ್ಮನ್ನರು ಕ್ಯಾಸೆಟ್ಟನ್ನು ಕೌಂಟರಿನ ಮೇಲಿಟ್ಟರು.

"ಏನ್ ನಾಗರಾಜ, ನನ್ನೇ ಸಿನಿಮಾ ಮಾಡ್ಬಿಟ್ಟಿದೀಯಲ್ಲ?"

"ಸಾರ್, ಅದು ಮನೇಲಿರ್ಲಿ ಅಂತ… ಸುಮ್ನೆ…"

"ಅವಳಿಗೆ ತಿಳೀದು ಸ್ವಾಮಿ," ಎಂದಳು ಅಜ್ಜಿ. "ಯಾವ್ದೋ ಊರ ಕಡೆಯೋಳು. ದೊಡ್ಡ ಮನಸ್ಸು ಮಾಡಿ."

ಚೇರ್ಮನ್ನರು ಕೈ ಎತ್ತಿದರು. ಅವರ ಮುಖದಲ್ಲಿ ನಗುವಿತ್ತು. ಅದು ನಮ್ಮನ್ನು ಇನ್ನೂ ಹೆದರಿಸಿತು.

"ಅಯ್ಯೋ, ಬಿಡಿ ಅಜ್ಜಿ, ನಮ್ಮೋರೇ ಅಲ್ವಾ! ನಿನ್ನೆ ಮುಖಂಡರು ಇವರನ್ನ ನೋಡಿ ಏನಂದ್ರು ಗೊತ್ತಾ? ಕಾವಲ್ ಕಡೆ ಶೆಡ್‌ಗಳಲ್ಲಿ ಇದಾರಲ್ಲ, ಅವರದೆಲ್ಲ ಈ ಸಲ ವೋಟರ್ ಲಿಸ್ಟಲ್ಲಿ ಹೆಸರು ಬಂದಿದೆಯಂತೆ. ನಮ್ಮ ಮೀಟಿಂಗಿಗೆ ಒಬ್ಬನೂ ಬರಲ್ಲ ಅಂತಾನೆ. ಇವರು ಸ್ಟೇಜ್ ಮೇಲೆ ನಿಂತು ಅವರ ಭಾಷೇಲಿ ಎರಡು ಮಾತಾಡ್ಲಿ. ಇದೇ ಥರಾನೇ, ಸ್ವಲ್ಪ ಉಲ್ಟಾ, ಅಷ್ಟೆ."

ಅಪ್ಪನ ಉಸಿರು ಕೆಳಗಿಳಿದದ್ದು ನನಗೆ ಕೇಳಿಸಿತು. ವರ್ಷಾನುಗಟ್ಟಲೆ ರಾಜಕಾರಣಿಗಳ ಅಣಕ ನೋಡಿ, ನಿಲ್ಲಿಸಿ, ಅರ್ಥ ಹೇಳಿದ ಮನುಷ್ಯ ತಟಕ್ಕನೆ ಅಂದ:

"ಅದಕ್ಕೇನ್ ಸಾರ್, ಬರ್ತಾಳೆ."

"ಬರ್ತಾಳೆ ಸ್ವಾಮಿ, ಖಂಡಿತ ಬರ್ತಾಳೆ," ಎಂದಳು ಅಜ್ಜಿ.

ಮಾತಾಡಬೇಕಾದವಳನ್ನು ಯಾರೂ ಕೇಳಿರಲಿಲ್ಲ. ಅಮ್ಮ ಒಂದು ಸಲ ಅಪ್ಪನನ್ನು ನೋಡಿದಳು. ಆಮೇಲೆ ಗಿರಾಕಿಗಳನ್ನು, ಆಮೇಲೆ ಚೇರ್ಮನ್ನರನ್ನು. ಕ್ಯಾಸೆಟ್ಟಿನ ಮೇಲೆ ಕೈಯಿಟ್ಟಳು.

"ಇಲ್ರೀ. ನಾ ಹೇಳೂದೆಲ್ಲಾ ಇದ್ರಾಗ ಹೇಳೀನಿ. ಉಲ್ಟಾ ಮಾತಾಡಾಕ ನನಗ ಬರೂದಿಲ್ಲ. ಅವರಿಗೆ ಕೇಳಸಬೇಕಂದ್ರ ಕ್ಯಾಸೆಟ್ ಬಾಡಗಿಗೆ ಒಯ್ರಿ. ನಿಮ್ಮ ಮೀಟಿಂಗಿನ್ಯಾಗ ಹಾಕ್ರಿ."

ಮೊದಲು ನಕ್ಕದ್ದು ಮೆಟ್ಟಿಲ ಮೇಲಿದ್ದ ಸರೋಜಮ್ಮ. ಆಮೇಲೆ ಗಿರಾಕಿಗಳು. ಹಿಂಬಾಲಕರಲ್ಲೊಬ್ಬ ನಕ್ಕು, ತಕ್ಷಣ ಕೆಮ್ಮಿದ. ಕೊನೆಗೆ ಚೇರ್ಮನ್ನರೂ ನಕ್ಕರು. ಅಷ್ಟು ಜನರ ಮುಂದೆ ನಗದೆ ಇರುವಷ್ಟು ದಡ್ಡರಲ್ಲ ಅವರು. ಅದೇ ಜನ, ಅದೇ ಮಾತು. ಆದರೆ ಅವರೆಲ್ಲ ಅವಳನ್ನು ನೋಡಿ ನಗುತ್ತಿರಲಿಲ್ಲ, ಅವಳ ಜತೆ ನಗುತ್ತಿದ್ದರು. ಅಷ್ಟು ಚಿಕ್ಕ ವಯಸ್ಸಿನಲ್ಲೂ ನನಗೆ ಆ ವ್ಯತ್ಯಾಸ ಗೊತ್ತಾಯಿತು.

ಚೇರ್ಮನ್ನರು ಗೆದ್ದರು. ಒಂದು ಕ್ಯಾಸೆಟ್ಟಿನಿಂದ ಯಾರೂ ಸೋಲುವುದಿಲ್ಲ ಎನ್ನುವುದನ್ನು ಅಪ್ಪ ನಿಧಾನವಾಗಿ ಒಪ್ಪಿಕೊಂಡ. ಮನೆ ಖಾಲಿ ಮಾಡಿಸುತ್ತಾರೆ ಎಂದು ನಾವು ಕಾದದ್ದೇ ಬಂತು. ಇಂಥ ಬಾಡಿಗೆಯವರನ್ನು ಬಿಡಿಸಿದರೆ ನಾನು ತವರಿಗೆ ಹೋಗುತ್ತೇನೆ ಎಂದು ಸರೋಜಮ್ಮ ಗಂಡನಿಗೆ ಹೇಳಿದರಂತೆ. ಬಾಲ್ಕನಿಯ ಭಾಷಣದಲ್ಲಿ ಮಾತ್ರ ಹೊರಗಿನವರ ಮಾತು ಕಡಿಮೆಯಾಯಿತು. ಆ ಪದ ಬಂದ ಕೂಡಲೇ ಒಳಗಿನಿಂದ ಹೆಂಡತಿಯ ನಗು ಕೇಳುತ್ತಿತ್ತು, ಪಾಪ, ಅವರಾದರೂ ಏನು ಮಾಡಬೇಕು. ಅಜ್ಜಿ ಅವರೆಕಾಯಿ ಬಿಡಿಸುತ್ತ "ಇನ್ನೊಂದ್ಸಲ ಓನರ್ ಥರ ಮಾಡೇ" ಎಂದು ಅಮ್ಮನನ್ನು ಪೀಡಿಸುವಳು. ಮಾಡಿ ಮುಗಿಸಿದ ಮೇಲೆ ಅವಳ ಮಾತು ತಿದ್ದುವಳು. ಮಧ್ಯಾಹ್ನದ ಜಡೆ ಮತ್ತೆ ಉದ್ದವಾಯಿತು.

ಶೆಡ್ಡಿನವರಿಗೂ ಸುದ್ದಿ ಮುಟ್ಟಿತ್ತು. ಅವರಲ್ಲಿ ವಿಸಿಆರ್ ಇರಲಿಲ್ಲ. ಭಾನುವಾರ ರಜೆಯಲ್ಲಿ ಗಂಡ ಹೆಂಡತಿ ಮಕ್ಕಳು ಸಂದಿಯಲ್ಲಿ ಬಂದು ನಿಲ್ಲುತ್ತಿದ್ದರು, ಅಮ್ಮ ಅವರನ್ನು ನಡುಮನೆಗೆ ಕರೆದು ಚಾಪೆ ಹಾಸುತ್ತಿದ್ದಳು. ಅಜ್ಜಿ ಮಂಚದ ಮೇಲೆ ಕಾಲು ಮಡಚಿಕೊಂಡು ಜಾಗ ಬಿಡುತ್ತಿದ್ದಳು, ಗೊಣಗುತ್ತಲೇ. ಮನೆಯಲ್ಲಿ ಆ ಮಾತು ಆಡುವವರು ಒಬ್ಬರಿದ್ದದ್ದು ಹದಿನೈದಾಗಿ, ಊಟದ ಹೊತ್ತಿಗೆ ಮುದ್ದೆ ತಿನ್ನುವ ನಾವೇ ಕಡಿಮೆ ಬೀಳುತ್ತಿದ್ದೆವು.

ಅಮ್ಮ ಕೌಂಟರಿಗೆ ಮರಳಿದ ಮೊದಲ ಸಂಜೆಯನ್ನು ನಾನು ಪರದೆಯ ಹಿಂದೆ ಲೆಕ್ಕ ಮಾಡುತ್ತ ಕೇಳಿಸಿಕೊಂಡೆ. ಬ್ಯಾಂಕಿನವರೊಬ್ಬರು ಒಂದು ಕಾಮಿಡಿ ಕೊಡಿ ಎಂದರು. ಹಲಗೆಯಿಂದ ಒಂದು ಕ್ಯಾಸೆಟ್ಟು ಈಚೆ ಬಂದದ್ದು ಕೇಳಿಸಿತು, ಮತ್ತೆ ಒಳಗೆ ಹೋಯಿತು. ಇನ್ನೊಂದು ಬಂತು. ನಾನು ಪೆನ್ಸಿಲ್ ಕೆಳಗಿಟ್ಟೆ. ಅಮ್ಮ ಏನಾದರೂ ಹೇಳುತ್ತಾಳೋ, ಮೊದಲಿನ ಹಾಗೆ ಸುಮ್ಮನೆ ಮುಂದಿಡುತ್ತಾಳೋ ಎಂದು ಕಾದೆ.

"ಅದ ಬ್ಯಾಡ್ರೀ ಸರ," ಎಂದಳು ಅಮ್ಮ, ರಸ್ತೆಗೆ ಕೇಳುವಷ್ಟು ಜೋರಾಗಿ. "ಅದ್ರಾಗ ಬಡವರನ್ನ ನೋಡಿ ನಗ್ತಾರ. ಇದನ್ನ ಒಯ್ರಿ. ಇದ್ರಾಗ ಬೀಳೋರೆಲ್ಲಾ ದೊಡ್ಡವ್ರು."